ಅಪ್‌ಡೇಟ್: ಕಳವಿನ ಆರೋಪದ ವಿಚಾರಣೆ ಮುಗಿಯಿತು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿರುವ ನನ್ನನ್ನು ತಾಮ್ರದ ತಂತಿ ಕದ್ದ ಸುಳ್ಳು ಆರೋಪದ ಮೇಲೆ ಅಮಾನತು ಮಾಡಿದಾಗ, ಮುಂದೇನು ಮಾಡಬೇಕೆಂದು ನಿಮ್ಮನ್ನು ಕೇಳಿದ್ದೆ. ಒತ್ತಾಯಕ್ಕೆ ಮಣಿದು ರಾಜೀನಾಮೆ ಬರೆದುಕೊಡಬೇಡಿ ಎಂದವರಿಗೆಲ್ಲ ನಾನು ಋಣಿ.

ವಕೀಲರ ಸಲಹೆಯಂತೆ ಆಪಾದನಾ ಪಟ್ಟಿಗೆ ಲಿಖಿತ ಉತ್ತರ ಕೊಟ್ಟು, ಆರೋಪಕ್ಕೆ ಆಧಾರವಾದ ದಾಖಲೆಗಳ ಪ್ರತಿಗಳನ್ನು ಕೇಳಿ ಪಡೆದೆ. ಆ ತಂತಿ ನಾನು ರಜೆಯಲ್ಲಿದ್ದ ದಿನ ಬೇರೊಬ್ಬರ ಸಹಿಯ ಮೇಲೆ ಹೊರಹೋಗಿದ್ದು ಗೇಟ್ ಪಾಸ್ ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ಕಾರ್ಖಾನೆಯ ಆಂತರಿಕ ವಿಚಾರಣೆಯಲ್ಲಿ ನಡೆದ ಪಾಟೀ ಸವಾಲಿನಲ್ಲಿ ಮೇಲ್ವಿಚಾರಕರೂ ಅದನ್ನು ಒಪ್ಪಿಕೊಳ್ಳಬೇಕಾಯಿತು. ದಾಖಲೆ ನೋಡುವ, ಸಾಕ್ಷಿಯನ್ನು ಪ್ರಶ್ನಿಸುವ ಈ ಅವಕಾಶವೇ ನನ್ನನ್ನು ಉಳಿಸಿತು. ಅಮಾನತಿನ ಮೊದಲ 90 ದಿನ ಅರ್ಧ ವೇತನದಷ್ಟು ಜೀವನಾಧಾರ ಭತ್ಯೆ ಸಿಗಬೇಕು; ಲಿಖಿತವಾಗಿ ಕೇಳುವವರೆಗೆ ನನಗೆ ಅದೂ ಬಂದಿರಲಿಲ್ಲ.

ಆರೋಪ ಸಾಬೀತಾಗಿಲ್ಲವೆಂದು ವಿಚಾರಣಾಧಿಕಾರಿ ವರದಿ ಕೊಟ್ಟರು, ನಾನು ಕೆಲಸಕ್ಕೆ ಮರಳಿದ್ದೇನೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿ ದೂರು ಕೊಡುವ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ, ಏಕೆಂದರೆ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ಆರೋಪಕ್ಕೆ ಅದರಲ್ಲೇ ವಿನಾಯಿತಿ ಇದೆ. ಅಮಾನತಿನ ಅವಧಿಯ ಬಾಕಿ ವೇತನಕ್ಕಾಗಿ ಮಾತ್ರ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಿಸಿದ್ದೇನೆ.