ಸನ್‌ಸ್ಕ್ರೀನ್ ಮಾತ್ರೆ ನುಂಗಿದ್ರೆ ಕ್ರೀಮ್ ಬೇಡ್ವಾ?

ಸಸಿಹಿತ್ಲು_ಹುಡುಗ:
ನಾನು ಸರ್ಫಿಂಗ್ ಕಲೀಲಿಕ್ಕೆ ಹೋಗ್ತಾ ಇದ್ದೇನೆ, ಕ್ರೀಮ್ ಹಾಕಿದ್ದು ಉಪ್ಪುನೀರಿಗೆ ನಿಲ್ಲುದೇ ಇಲ್ಲ, ಮೂಗಿನ ಸಿಪ್ಪೆ ಏಳ್ತಾ ಉಂಟು. ಇನ್ಸ್ಟಾದಲ್ಲಿ ಸನ್‌ಸ್ಕ್ರೀನ್ ಮಾತ್ರೆ ಅಂತ ಬರ್ತದಲ್ಲ, ಬೆಳಿಗ್ಗೆ ಒಂದು ನುಂಗಿದ್ರೆ ಸಾಕಂತೆ. ಅದ್ರ ಮೇಲೆ ಲಂಡನ್ನಿಂದ ಬಂದ ದೊಡ್ಡಮ್ಮನ ಮಗಳು ಟ್ಯಾನಿಂಗ್ ಮಾತ್ರೆ ಡಬ್ಬಿ ಬೇರೆ ತಂದಿದ್ದಾಳೆ (ಅಮ್ಮ ನಂಗೆ ಕಡ್ಲೆಹಿಟ್ಟು ಹಚ್ಚು ಅಂತಾರೆ, ಇವಳು ದುಡ್ಡು ಕೊಟ್ಟು ಕಪ್ಪಾಗುದು!), ಅದು ತಿಂದ್ರೆ ಬಿಸಿಲು ತಾಗುದಿಲ್ಲಂತೆ. ಹೌದಾ?

ಮೆಡಿಕಲ್‌ನವ:
ಎರಡೂ ಬೇರೆ ಬೇರೆ ಮಾರಾಯ್ರೆ. ಸನ್‌ಸ್ಕ್ರೀನ್ ಮಾತ್ರೆಯಲ್ಲಿ ಹೆಚ್ಚಾಗಿ ಇರುದು ಪಾಲಿಪೋಡಿಯಮ್ ಅಂತ ಮಧ್ಯ ಅಮೆರಿಕದ ಒಂದು ಜರಿಗಿಡದ ಸತ್ವ. ಚರ್ಮ ಕೆಂಪಾಗುದು ಸ್ವಲ್ಪ ಕಮ್ಮಿ ಆಗ್ತದೆ ಅಂತ ಸಣ್ಣ ಸಣ್ಣ ಸ್ಟಡಿಯಲ್ಲಿ ಕಂಡದ್ದುಂಟು, ಬಂಗು ಇದ್ದವರಿಗೆ ಸ್ಕಿನ್ ಡಾಕ್ಟ್ರು ಬರೆದು ಕೊಡುದೂ ಉಂಟು, ಆದ್ರೆ ಕ್ರೀಮಿನ ಜೊತೆಗೆ, ಬದ್ಲಿಗೆ ಅಲ್ಲ. ಮಾತ್ರೆ ತಿಂದ್ರೆ ಬಿಸಿಲಿಂದ ರಕ್ಷಣೆ ಅಂತ ಮಾರ್ತಿದ್ದ ಕೆಲವು ಕಂಪೆನಿಗಳಿಗೆ ಅಮೆರಿಕದ ಎಫ್‌ಡಿಎ (ಅಲ್ಲಿನ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ) 2018ರಲ್ಲೇ ವಾರ್ನಿಂಗ್ ಲೆಟರ್ ಕಳಿಸಿದೆ.

ಕುಡ್ಲದಕ್ಕ:
ಆ ಟ್ಯಾನಿಂಗ್ ಡಬ್ಬಿ ತಿರುಗಿಸಿ ನೋಡು ತಮ್ಮಾ, ಕ್ಯಾಂಥಾಕ್ಸಾಂಥಿನ್ ಅಂತ ಉಂಟಾ? ಇದ್ರೆ ಮುಟ್ಬೇಡ. ಸಾಕಿದ ಸಾಲ್ಮನ್ ಮೀನಿಗೆ, ಮೊಟ್ಟೆಯ ಹಳದಿಗೆ ಬಣ್ಣ ಬರ್ಲಿ ಅಂತ ಫೀಡಿಗೆ ಹಾಕುವಂಥದ್ದು ಅದು. ಜಾಸ್ತಿ ತಿಂದ್ರೆ ಚರ್ಮದಲ್ಲಿ ಕೂತು ಕಿತ್ತಳೆ ಬಣ್ಣ ಬರ್ತದೆ, ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಏನೂ ಹೆಚ್ಚಾಗುದಿಲ್ಲ, ಹಾಗಾಗಿ ಬಿಸಿಲಿಗೆ ತಡೆಯೂ ಇಲ್ಲ. ಕಣ್ಣಿನ ರೆಟಿನಾದಲ್ಲಿ ಹರಳು ಕಟ್ಟಿದ್ದು, ಲಿವರಿಗೆ ತೊಂದ್ರೆ ಆದದ್ದು ಎಲ್ಲ ಉಂಟು.

ಬಂಗುಡೆ_ಫ್ರೈ:
ನಾವು ಬಂಗುಡೆ ತಿನ್ನುವವರು, ನಮಗೆ ಸಾಲ್ಮನ್ ಬಣ್ಣ ಎಂತಕೆ ಮಾರಾಯ 😂

ಸಸಿಹಿತ್ಲು_ಹುಡುಗ:
ಅದಿಲ್ಲ ಅಕ್ಕ, ಬೀಟಾ ಕ್ಯಾರೊಟಿನ್ ಅಂತ ಉಂಟು. ಕ್ಯಾರೆಟಿನದ್ದೇ ಅಲ್ವಾ? ಅಪ್ಪ ಕಣ್ಣಿಗೆ ಒಳ್ಳೇದು ಅಂತ ಅವರಿಗೂ ಬೇಕಂತೆ.

ಮೆಡಿಕಲ್‌ನವ:
ಅಪ್ಪ ಬೀಡಿ ಸಿಗರೇಟ್ ಸೇದ್ತಾರಾ? ಹೌದಾದ್ರೆ ಕೊಡ್ಲೇಬೇಡಿ. ಫಿನ್ಲೆಂಡಲ್ಲಿ ಸಿಗರೇಟ್ ಸೇದುವ 29 ಸಾವಿರ ಗಂಡಸರ ಮೇಲೆ ಸ್ಟಡಿ ಮಾಡಿದ್ರು, 1994ರಲ್ಲಿ ರಿಸಲ್ಟ್ ಬಂತು, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗುದು ಬಿಡಿ, 18% ಜಾಸ್ತಿ. ಸೇದದವರಿಗೆ ಹೆಚ್ಚೆಂದ್ರೆ ಅಂಗೈ ಹಳದಿ ಆಗ್ತದೆ, ಬಿಟ್ರೆ ಹೋಗ್ತದೆ. ಕ್ಯಾರೆಟ್ ಪಲ್ಯ ಎಷ್ಟು ಬೇಕಾದ್ರೂ ತಿನ್ಲಿ.

ಮೂಲ್ಕಿ_ಅಲೆ:
ಮಾತ್ರೆ ದುಡ್ಡಲ್ಲಿ ಉದ್ದ ಕೈಯ ರ್‍ಯಾಶ್‌ಗಾರ್ಡ್ (ನೀರಿಗಿಳಿಯುವಾಗ ಹಾಕುವ ಮೈಗಂಟುವ ಅಂಗಿ) ತಗೋ, ಮೂಗಿಗೆ ಜಿಂಕ್ ಸ್ಟಿಕ್ ಹಾಕು, ಬಿಳಿ ಕಾಣ್ತದೆ ಕಾಣ್ಲಿ. ವಾಟರ್ ರೆಸಿಸ್ಟೆಂಟ್ ಕ್ರೀಮ್ ಆದ್ರೂ ನೀರಲ್ಲಿ 40 ಇಲ್ಲ 80 ನಿಮಿಷಕ್ಕೇ ಲೆಕ್ಕ, ಆಮೇಲೆ ಮತ್ತೆ ಹಚ್ಬೇಕು. ಬೆಳಿಗ್ಗೆ ಬೇಗ ನೀರಿಗಿಳಿದು 10 ಗಂಟೆ ಒಳಗೆ ಎದ್ದು ಬಾ, ಅಷ್ಟೊತ್ತಿಗೆ ಅಲೆಯೂ ಕೆಟ್ಟಿರ್ತದೆ.