ಪಿತ್ತಕೋಶ ತೆಗೆಯಲು ರೋಬೋಟ್: ನಿಜವಾದ ಅಪಾಯ ಎಲ್ಲಿದೆ?

ರೋಗಿಯ ಮಗ: ನಮ್ಮ ತಂದೆಯವರ ಪಿತ್ತಕೋಶದಲ್ಲಿ ಕಲ್ಲುಗಳಿದ್ದು, ಅದನ್ನು ರೋಬೋಟ್ ನೆರವಿನಿಂದ ತೆಗೆಸುವುದು ಸಾಮಾನ್ಯ ಲ್ಯಾಪರೋಸ್ಕೋಪಿಗಿಂತ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಗಿಂತ) ಸುರಕ್ಷಿತವೆಂದು ವೈದ್ಯರು ಸೂಚಿಸಿದ್ದಾರೆ. ಯಂತ್ರ ನಡುವೆಯೇ ಕೆಟ್ಟು ನಿಂತರೆ ಏನು ಗತಿ ಎಂಬುದು ಮನೆಯವರ ಭಯ. ಬಲ್ಲವರು ದಯವಿಟ್ಟು ತಿಳಿಸಬೇಕು.

ಶಸ್ತ್ರಚಿಕಿತ್ಸಕ: ಆ ಭಯ ಸಹಜವಾದರೂ ಅದಕ್ಕೆ ಅಷ್ಟು ಮಹತ್ವ ಕೊಡಬೇಕಾಗಿಲ್ಲ. ರೋಬೋಟ್ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ; ಕನ್ಸೋಲಿನ, ಅಂದರೆ ನಿಯಂತ್ರಣ ಪೀಠದ, ಮುಂದೆ ಕುಳಿತ ವೈದ್ಯರ ಕೈ ಆಡಿದಂತೆ ಅದರ ತೋಳುಗಳು ಆಡುತ್ತವೆ. ಯಂತ್ರ ನಿಂತುಹೋದರೆ ರೋಗಿಯ ಪಕ್ಕದಲ್ಲೇ ಇರುವ ಸಹಾಯಕರು ಉಪಕರಣಗಳ ಹಿಡಿತವನ್ನು ಕೈಯಿಂದಲೇ ಬಿಡಿಸಿ ಹೊರತೆಗೆಯುತ್ತಾರೆ, ಉಳಿದ ಕೆಲಸವನ್ನು ಲ್ಯಾಪರೋಸ್ಕೋಪಿಯಿಂದಲೋ ಹೊಟ್ಟೆ ತೆರೆದೋ ಮುಗಿಸಲಾಗುತ್ತದೆ. ಮೂರು ಆಯಾಮದ ನೋಟ, ಮಣಿಕಟ್ಟಿನಂತೆ ತಿರುಗುವ ತುದಿ, ಕೈನಡುಕವನ್ನು ಸೋಸುವ ವ್ಯವಸ್ಥೆ, ಇವೆಲ್ಲ ನಿಜವಾದ ಅನುಕೂಲಗಳೇ.

ಸಂಶೋಧನಾ ವಿದ್ಯಾರ್ಥಿನಿ: ಅನುಕೂಲಗಳನ್ನು ಅಲ್ಲಗಳೆಯುತ್ತಿಲ್ಲ ಸರ್, ಆದರೆ ಪ್ರಶ್ನೆ ಇರುವುದು ಪಿತ್ತಕೋಶದ ಬಗ್ಗೆ. ಅಮೆರಿಕದ ಮೆಡಿಕೇರ್ ವಿಮೆಯಡಿ 2010ರಿಂದ 2019ರವರೆಗೆ ಪಿತ್ತಕೋಶ ತೆಗೆಸಿಕೊಂಡ ಹತ್ತು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ದುರಸ್ತಿ ಬೇಕಾಗುವಷ್ಟು ಪಿತ್ತನಾಳದ ಗಾಯ ರೋಬೋಟ್ ಬಳಸಿದವರಲ್ಲಿ ಶೇ. 0.7, ಲ್ಯಾಪರೋಸ್ಕೋಪಿಯಲ್ಲಿ ಶೇ. 0.2. ಸಂಖ್ಯೆ ಚಿಕ್ಕದೆನಿಸಬಹುದು, ಆದರೆ ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ನಾಳವನ್ನೇ ಪಿತ್ತಕೋಶದ ನಾಳವೆಂದು ಭಾವಿಸಿ ಕತ್ತರಿಸಿಬಿಟ್ಟರೆ, ಕರುಳನ್ನು ತಂದು ಅದಕ್ಕೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಮುಂದೆ ನಾಳ ಕಿರಿದಾಗಿ ಸೋಂಕು ಮರುಕಳಿಸುತ್ತಲೂ ಇರಬಹುದು.

ಶಸ್ತ್ರಚಿಕಿತ್ಸಕ: ಅದು ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ಹಂಚಿ ಮಾಡಿದ ಪ್ರಯೋಗವಲ್ಲ. ರೋಬೋಟ್ ಕಲಿಯುವವರಲ್ಲಿ ಅನೇಕರು ಸುಲಭವೆಂದು ಪಿತ್ತಕೋಶದಿಂದಲೇ ಆರಂಭಿಸುತ್ತಾರೆ, ಕಲಿಕೆಯ ಹಂತದ ತಪ್ಪುಗಳೂ ಆ ಲೆಕ್ಕದಲ್ಲಿ ಸೇರಿರಬಹುದು. ಗುದನಾಳದ ಕ್ಯಾನ್ಸರ್ ಕುರಿತು ಚೀನಾದಲ್ಲಿ ಹಾಗೆ ಹಂಚಿಯೇ ನಡೆಸಿದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂವತ್ತು ದಿನಗಳೊಳಗಿನ ಗಣನೀಯ ತೊಡಕುಗಳು ರೋಬೋಟ್ ಗುಂಪಿನಲ್ಲಿ ಶೇ. 16.2, ಲ್ಯಾಪರೋಸ್ಕೋಪಿ ಗುಂಪಿನಲ್ಲಿ ಶೇ. 23.1 ಇದ್ದವು.

ಸಂಶೋಧನಾ ವಿದ್ಯಾರ್ಥಿನಿ: ಗುದನಾಳವಿರುವ ಇಕ್ಕಟ್ಟಾದ ಶ್ರೋಣಿಯಲ್ಲಿ (ಸೊಂಟದ ಮೂಳೆಗಳ ನಡುವಿನ ಜಾಗದಲ್ಲಿ) ದೊರೆತ ಲಾಭವನ್ನು ಪಿತ್ತಕೋಶದ ಲೆಕ್ಕಕ್ಕೆ ಬರೆಯಲಾಗದು. ಇನ್ನು ಕಲಿಕೆಯ ಮಾತು: ತನ್ನ ಮೇಲೆ ಕಲಿಯಲಾಗುತ್ತಿದೆ ಎಂಬುದು ರೋಗಿಗೆ ಮೊದಲೇ ಗೊತ್ತಿರಬೇಡವೇ? ಒಪ್ಪಿಗೆ ಪತ್ರದಲ್ಲಿ ಆ ಸಾಲು ಇರುತ್ತದೆಯೇ?

ಶಸ್ತ್ರಚಿಕಿತ್ಸಕ: ಇರಬೇಕು. ಅನೇಕ ಕಡೆ ಇರುವುದಿಲ್ಲ, ಒಪ್ಪುತ್ತೇನೆ.

ಓ.ಟಿ. ನರ್ಸ್: ಹೆಚ್ಚಿನ ಯಂತ್ರಗಳಲ್ಲಿ ವೈದ್ಯರಿಗೆ ಸ್ಪರ್ಶದ ಅರಿವು ಸಿಗುವುದಿಲ್ಲವೆಂಬುದನ್ನು ಯಾರೂ ಹೇಳಲಿಲ್ಲ. ಎಳೆತ ಎಷ್ಟೆಂದು ಕಣ್ಣಿನಿಂದಲೇ ಅಂದಾಜಿಸಬೇಕು. ಅಂದಾಜು ತಪ್ಪಿದರೆ ಹೊಲಿಗೆಯ ದಾರ ತುಂಡಾಗುತ್ತದೆ, ಇಲ್ಲವೇ ಅಂಗಾಂಶ ಹರಿಯುತ್ತದೆ. ಬಲವನ್ನು ಅಳೆದು ತಿಳಿಸುವ ಉಪಕರಣಗಳು ಡಾ ವಿಂಚಿ ಎಂಬ ಶಸ್ತ್ರಚಿಕಿತ್ಸಾ ರೋಬೋಟುಗಳ ಸರಣಿಗೆ ಬಂದದ್ದು 2024ರ ಮಾದರಿಯಲ್ಲಿ. ವಿದ್ಯುತ್ ಹರಿಯುವ ಕತ್ತರಿಯದು ಇನ್ನೊಂದು ಕಥೆ. ಅದರ ದಂಡದ ತುದಿಯ ಬಳಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಿಡಿ ಪಕ್ಕಕ್ಕೆ ಸೋರಿ, ಕ್ಯಾಮೆರಾ ನೋಟದಿಂದ ಹೊರಗಿರುವ ಕರುಳನ್ನು ಸುಡಬಹುದು. ಇಂಥ ಬಿರುಕುಗಳ ಬಗ್ಗೆ ತಯಾರಕರೇ 2013ರಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಸುಟ್ಟ ಜಾಗ ತೂತಾಗುವುದು ಕೆಲವೊಮ್ಮೆ ದಿನಗಳು ಕಳೆದ ಮೇಲೆ, ರೋಗಿ ಮನೆಗೆ ಹೋದ ನಂತರ.

ಅರಿವಳಿಕೆ ತಜ್ಞೆ: ನನ್ನ ಚಿಂತೆ ಬೇರೆ. ಒಳಗೆ ಕೆಲಸಕ್ಕೆ ಜಾಗವಾಗಲೆಂದು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಇಡುತ್ತೇವೆ. ಹೃದಯ, ಶ್ವಾಸಕೋಶ ದುರ್ಬಲವಾಗಿರುವವರಿಗೆ ಹೆಚ್ಚು ಹೊತ್ತು ಇದನ್ನು ತಾಳುವುದು ಕಷ್ಟ. ಹೃದಯ ನಿಂತರೆ ಮೊದಲು ರೋಬೋಟಿನ ತೋಳುಗಳನ್ನು ಕಳಚಿ ಯಂತ್ರವನ್ನು ಹಿಂದೆ ಸರಿಸಬೇಕು, ತಾಲೀಮಿಲ್ಲದ ತಂಡಕ್ಕೆ ಅದರಲ್ಲೇ ಅಮೂಲ್ಯ ಕ್ಷಣಗಳು ಹೋಗುತ್ತವೆ. ತೋಳುಗಳು ಜೋಡಿಸಿದ್ದಾಗ ಮೇಜನ್ನು ವಾಲಿಸುವಂತೆಯೂ ಇಲ್ಲ, ಎರಡೂ ಒಟ್ಟಿಗೆ ಚಲಿಸುವಂತೆ ಹೊಂದಿಸಿದ ಮೇಜಾಗಿದ್ದರೆ ಮಾತು ಬೇರೆ.

ರೋಗಿಯ ಮಗ: ಹಾಗಾದರೆ ಆಸ್ಪತ್ರೆಯಲ್ಲಿ ಏನನ್ನು ಕೇಳಲಿ?

ಶಸ್ತ್ರಚಿಕಿತ್ಸಕ: ಕನ್ಸೋಲಿನಲ್ಲಿ ಕೂರುವವರು ಯಾರು, ಅವರು ರೋಬೋಟಿನಿಂದ ಎಷ್ಟು ಪಿತ್ತಕೋಶ ತೆಗೆದಿದ್ದಾರೆ, ಲ್ಯಾಪರೋಸ್ಕೋಪಿಯಲ್ಲಿ ಅವರ ಅನುಭವವೆಷ್ಟು ಎಂದು ಕೇಳಿ. ನಾಳ ಸ್ಪಷ್ಟವಾಗಿ ಕಾಣದಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಕೇಳಿ. ಪಿತ್ತಕೋಶದ ಒಂದು ಭಾಗವನ್ನು ಬಿಟ್ಟು ಮುಗಿಸುತ್ತೇನೆ ಅಥವಾ ಹೊಟ್ಟೆ ತೆರೆಯುತ್ತೇನೆ ಎಂದು ತಡವರಿಸದೆ ಹೇಳುವವರಾದರೆ ಒಳ್ಳೆಯದು.

ಸಂಶೋಧನಾ ವಿದ್ಯಾರ್ಥಿನಿ: ಅದೇ ವೈದ್ಯರು ಲ್ಯಾಪರೋಸ್ಕೋಪಿಯಲ್ಲಿ ಪಳಗಿದವರಾಗಿದ್ದರೆ, ನಿಮ್ಮ ತಂದೆಯವರಿಗೆ ರೋಬೋಟೇ ಏಕೆ ಬೇಕೆಂಬುದಕ್ಕೆ ಕಾರಣವನ್ನೂ ಕೇಳಿ.

ಅರಿವಳಿಕೆ ತಜ್ಞೆ: ಯಾವ ವಿಧಾನವಾದರೂ, ಮನೆಗೆ ಬಂದ ಮೇಲೆ ಹೊಟ್ಟೆನೋವು ದಿನೇ ದಿನೇ ಇಳಿಯುವ ಬದಲು ಏರುತ್ತಿದ್ದರೆ, ಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ, ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.