ಕೋಡಿಬಾಗದ ಬಾವಿ ಏಪ್ರಿಲಿಗೆ ಉಪ್ಪಾಗ್ತದೆ, ಆಳ ಮಾಡಿಸಬಹುದೇ?

ಪ್ರಶ್ನೆ: ಕಾರವಾರದ ಕೋಡಿಬಾಗ, ಮರಳು ನೆಲ, ಕಡಲು 300 ಮೀಟರ್. ಸುತ್ತ ಅಪಾರ್ಟ್‌ಮೆಂಟ್, ಬೋರ್‌ವೆಲ್ ಹೆಚ್ಚಿವೆ. ಬಾವಿ ಇನ್ನೂ ಆಳ ಮಾಡಿಸಲೇ, ಇಲ್ಲಾ 100 ಚದರ ಮೀಟರ್ ಚಾವಣಿಯ ಮಳೆನೀರು ಇಳಿಸಲೇ?

ಉತ್ತರ 1: ಆಳ ಮಾತ್ರ ಬೇಡ ಮಾರಾಯ್ರೆ! ಇಂಥ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ 10 ಸೆಂ.ಮೀ. ಇಳಿದರೆ, ಲೆಕ್ಕದ ಪ್ರಕಾರ ಅಡಿಯ ಉಪ್ಪುನೀರು ಸುಮಾರು 4 ಮೀಟರ್ ಮೇಲೇರುತ್ತದೆ. ಆಳ ಮಾಡಿದಷ್ಟೂ ಅದರ ಹತ್ತಿರ ಹೋಗ್ತೀರಿ. ಅರ್ಧ ಎಚ್‌ಪಿ ಪಂಪ್ ಸಾಕು, ಫುಟ್‌ವಾಲ್ವ್ (ಪೈಪಿನ ತುದಿಯಲ್ಲಿ ನೀರು ಎಳೆಯುವ ಬಾಯಿ) ಮೇಲಕ್ಕೆತ್ತಿ, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಎತ್ತಿ. ಪಕ್ಕದ ಬೋರ್‌ವೆಲ್‌ಗಳು ಎಳೆಯುತ್ತಲೇ ಇದ್ದರೆ ಇದೂ ಅರ್ಧ ಪರಿಹಾರವೇ. ವಾರ್ಡಿನವರೆಲ್ಲ ಕೂತು ಮಾತಾಡಲೇಬೇಕು.

ಉತ್ತರ 2: ನಿಮ್ಮ ಚಾವಣಿಗೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,000 ಲೀಟರ್ ಸಿಗುತ್ತದೆ. ಆದರೆ ಜುಲೈನಲ್ಲಿ ಇಳಿಸಿದ್ದು ಏಪ್ರಿಲಿನವರೆಗೆ ನಿಲ್ಲುವುದು ಕಷ್ಟ, ಮರಳಿನಲ್ಲಿ ಕಡಲಿಗೆ ಜಾರುತ್ತದೆ. ಕುಡಿಯುವಷ್ಟನ್ನು ಮುಚ್ಚಿದ ಟ್ಯಾಂಕಿನಲ್ಲಿ ಹಿಡಿದಿಡಿ. ಮೊದಲ ಮಳೆಯ ನೀರು ಹೊರಗೆ ಬಿಡಿ, ಆಮೇಲಿನದನ್ನು ಜಲ್ಲಿ, ಮರಳಿನಲ್ಲಿ ಸೋಸಿ.

ಉತ್ತರ 3: ನೀರನ್ನು ಲ್ಯಾಬಿಗೆ ಕೊಡಿ. ಕ್ಲೋರೈಡ್ (ಉಪ್ಪಿನ ಅಂಶ) ಲೀಟರಿಗೆ 250 ಮಿ.ಗ್ರಾಂ. ದಾಟಬಾರದು. ಮಲದ ಕೊಳೆ ಸೇರಿದ್ದನ್ನು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯವನ್ನೂ ನೋಡಿಸಿ. ಮರಳಿನಲ್ಲಿ ಶೌಚಾಲಯದ ಇಂಗುಗುಂಡಿಯ ಕೊಳೆ ಬೇಗ ಹರಿಯುತ್ತದೆ, ಬಾವಿಯಿಂದ 15 ಮೀಟರಿಗಿಂತ ಹತ್ತಿರ ಇದ್ದರೆ ಅಪಾಯ.